ನಕಲು ಮಾಡಿಲ್ಲ ಎಂಬುದಕ್ಕೆ ಮೂರು ಪ್ರತಿ

ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಿದ ಸಂಶೋಧನಾ ವಿದ್ಯಾರ್ಥಿಗಳೆಲ್ಲ ಆ ಅರ್ಜಿಯನ್ನು ಮುದ್ರಿಸಿ, ಮೂರು ಪ್ರತಿ ಮಾಡಿ, ಖುದ್ದಾಗಿ ತಂದೊಪ್ಪಿಸಬೇಕು ಎಂಬ ಸುತ್ತೋಲೆ ಈಗಾಗಲೇ ನಿಮ್ಮೆಲ್ಲರ ಮೊಬೈಲಿಗೂ ಬಂದು ಹೋಗಿರುವುದರಿಂದ ಅದನ್ನಿಲ್ಲಿ ಮತ್ತೆ ವಿವರಿಸುವುದಿಲ್ಲ. ಸಂಸ್ಥೆಯ ಹೆಸರೂ ಬೇಡ. ನಿಮಗೆ ಗೊತ್ತಿರುವ ಯಾವ ಹೆಸರು ಹಾಕಿಕೊಂಡರೂ ಕಥೆ ಕೆಡುವುದಿಲ್ಲ.

ರೋಣ ತಾಲ್ಲೂಕಿನ ನಮ್ಮೂರಿನಿಂದ ಎರಡು ಚೀಲ, ಒಂದು ಡಬ್ಬಿ ಶೇಂಗಾ ಚಟ್ನಿ ಮತ್ತು ಲಕ್ಕುಂಡಿಯ ಶಾಸನಗಳ ಬಗ್ಗೆ ಏನಾದರೂ ಹೊಸದನ್ನು ಹೇಳಿಯೇ ತೀರಬೇಕೆಂಬ ಹುರುಪನ್ನು ಕಟ್ಟಿಕೊಂಡು ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಂದಿಳಿದು ಮೂರು ತಿಂಗಳಾಯಿತು. ಸಪ್ತಾಪುರದಲ್ಲಿ ಒಂದು ಖೋಲಿ ಸಿಕ್ಕಿದೆ. ಗೋಡೆಯಾಚೆಯ ಖೋಲಿಯಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಹುಡುಗ ನಸುಕಿನ ಐದು ಗಂಟೆಗೇ ಸಂವಿಧಾನದ ವಿಧಿಗಳನ್ನು ಗಟ್ಟಿಯಾಗಿ ಒಪ್ಪಿಸುತ್ತಾನಾದ್ದರಿಂದ 14, 19 ಮತ್ತು 21ನೇ ವಿಧಿಗಳು ನನಗೂ ಬಾಯಿಪಾಠವಾಗಿವೆ. ಈ ಮೂರು ತಿಂಗಳಲ್ಲಿ ನನಗಾದ ಶೈಕ್ಷಣಿಕ ಲಾಭ ಅದೊಂದೇ.

ಊರಿನಿಂದ ಅವ್ವ ಫೋನ್ ಮಾಡಿ, ‘ಓದು ಹೆಂಗ ನಡದೈತೋ ತಮ್ಮಾ?’ ಎಂದು ಕೇಳಿದಾಗಲೆಲ್ಲ ‘ಭಾಳ ಬಿಜಿ ಅದೀನಬೇ’ ಎನ್ನುತ್ತೇನೆ. ಅದು ಸುಳ್ಳಲ್ಲ. ಚಲನ್ ತುಂಬಿದವನು ಚಲನ್ ತುಂಬಿದ್ದಕ್ಕೆ ಗುರುತು ತರಬೇಕು. ಆ ಗುರುತಿನ ಮೇಲೆ ದುಂಡು ಸಿಕ್ಕಾ, ಅಂದರೆ ಕಚೇರಿಯ ಮೊಹರು, ಬೀಳಬೇಕು. ಸಿಕ್ಕಾ ಇರುವ ಕಪಾಟಿನ ಕೀಲಿ ಯಾರ ಬಳಿ ಇದೆಯೋ ಅವರು ಊಟಕ್ಕೆ ಹೋಗಿರುತ್ತಾರೆ. ಕೆಳಮಹಡಿ ಕೊಟ್ಟ ಪತ್ರವನ್ನು ಅದೇ ಕಟ್ಟಡದ ಮೇಲ್ಮಹಡಿ ನಂಬುವುದಿಲ್ಲವಾದ್ದರಿಂದ ಗೆಜೆಟೆಡ್ ಅಧಿಕಾರಿಯೊಬ್ಬರನ್ನು ಹುಡುಕಿಕೊಂಡು ಹೋಗಬೇಕು. ಅಭ್ಯರ್ಥಿಯ ಸ್ವಯಂ ದೃಢೀಕರಣವೇ ಸಾಕೆಂದು ಕೇಂದ್ರ ಸರಕಾರ ಹೇಳಿ ಹತ್ತು ವರ್ಷ ದಾಟಿದೆ, ಆದರೆ ಆ ಮಾತು ಇನ್ನೂ ಮೆಟ್ಟಿಲೇರುತ್ತಿರಬೇಕು. ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಸುಮಾರು 22 ಕಿಲೋಮೀಟರ್ ದಾರಿಯಲ್ಲಿ ಚಿಗರಿ ಬಸ್ಸಿಗೆಂದೇ ಪ್ರತ್ಯೇಕ ರಸ್ತೆ ಮಾಡಿಕೊಟ್ಟ ನಾಡಿನಲ್ಲಿ, ಹತ್ತೊಂಬತ್ತು ಮೆಟ್ಟಿಲು ಹತ್ತಲು ನಲವತ್ತು ದಿನ ತೆಗೆದುಕೊಂಡ ನನ್ನ ಕಡತಕ್ಕೂ ಒಂದು ಓಣಿಯನ್ನಾದರೂ ಬಿಟ್ಟುಕೊಡಬಹುದಿತ್ತು. ಮೆಟ್ಟಿಲುಗಳನ್ನು ನಾನೇ ಎಣಿಸಿದ್ದೇನೆ. ಕಾಯುವವನಿಗೆ ಬೇರೆ ಕೆಲಸವಿರುವುದಿಲ್ಲ.

ಈ ನಡುವೆ ನನಗೆ ಸಿಕ್ಕ ನಿಜವಾದ ಮಾರ್ಗದರ್ಶಕರೆಂದರೆ ಗೇಟಿನೆದುರಿನ ಝೆರಾಕ್ಸ್ ಅಂಗಡಿಯವರು. ನಿಯಮಾವಳಿ ಅವರಿಗೆ ಕಚೇರಿಗಿಂತ ಚೆನ್ನಾಗಿ ಗೊತ್ತು. ನಾನು ಮೂರು ಪ್ರತಿ ಕೇಳಿದ ಮೊದಲ ದಿನವೇ ಅವರು ಕನ್ನಡಕ ಮೇಲೇರಿಸಿ, ‘ಸರ, ಮೂರು ಅಂದ್ರ ನಾಲ್ಕು ಮಾಡಿಸ್ರಿ, ಒಂದು ಅವರು ಕಳೀತಾರ’ ಎಂದರು. ಕಳೆದದ್ದು ಎರಡು. ಅವರ ಯಂತ್ರದ ಹಸಿರು ಬೆಳಕು ಅತ್ತಿಂದಿತ್ತ ಓಡಾಡುವುದನ್ನು ನೋಡುತ್ತ ನಿಂತಾಗ ನನಗೆ ನಮ್ಮ ಗದಗ ಸೀಮೆಯ ಅತ್ತಿಮಬ್ಬೆಯ ನೆನಪಾಗುತ್ತದೆ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿ, 1007ರಲ್ಲಿ ಶಾಸನ ಹಾಕಿಸಿದ ಆ ದಾನಚಿಂತಾಮಣಿ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಸಿ ಹಂಚಿದಳೆಂದು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಒಂದೊಂದು ತಾಳೆಗರಿಯನ್ನೂ ಲಿಪಿಕಾರರು ಕೈಯಿಂದ ಕೊರೆಯಬೇಕಿದ್ದ ಕಾಲವದು. ಓದುವವರಿಗೆ ಪುಸ್ತಕ ಸಿಗಲಿ ಎಂದು ಆಕೆ ಪ್ರತಿ ಮಾಡಿಸಿದಳು. ಅದೇ ಆಕೆಯ ಶಾಸನವನ್ನು ಓದಲು ಬಂದಿರುವ ನಾನು ಯಾರೂ ಓದದ ಕಾಗದಗಳಿಗೆ ಪ್ರತಿ ಮಾಡಿಸುತ್ತಿದ್ದೇನೆ. ಲಕ್ಕುಂಡಿಗೆ ಹೋಗಿ ಕಲ್ಲಿನ ಮುಂದೆ ಕೂರಲು ನನಗಿನ್ನೂ ಒಂದು ದಿನ ಬಿಡುವಾಗಿಲ್ಲ.

ನಗುವುದು ಇಲ್ಲಿಗೆ ಸಾಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಮತ್ತು ಆ ಗಡಿಯಾರ ಓಡತೊಡಗುವುದು ಪ್ರವೇಶದ ದಿನದಿಂದಲೇ. ಕಡತ ಮೇಜಿನ ಮೇಲೆ ಮಲಗಿದ್ದ ನಲವತ್ತು ದಿನಗಳು ಮೇಜಿನ ಲೆಕ್ಕಕ್ಕೆ ಹೋಗುವುದಿಲ್ಲ, ನನ್ನ ಲೆಕ್ಕದಿಂದ ಹೋಗುತ್ತವೆ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಗಿಟ್ಟಿಸಿದವರಿಗೆ ತಿಂಗಳಿಗೆ 37,000 ರೂಪಾಯಿ ಉಂಟು, ಸರಿ; ಅದಿಲ್ಲದ ನನ್ನ ಹಾವೇರಿಯ ಗೆಳೆಯ ಶನಿವಾರ ಸಂಜೆ ಊರಿಗೆ ಹೋಗಿ, ಅಪ್ಪನೊಂದಿಗೆ ಮೆಣಸಿನಕಾಯಿ ಹೊಲದಲ್ಲಿ ದುಡಿದು, ಸೋಮವಾರ ಬೆಳಿಗ್ಗೆ ಇದೇ ಕಿಟಕಿಯ ಮುಂದೆ ನಿಲ್ಲುತ್ತಾನೆ. ಅವನಿಗೆ ‘ನಾಳೆ ಬರ್ರಿ’ ಎನ್ನುವವರಿಗೆ ಆ ಒಂದು ನಾಳೆಗೆ ಬಸ್ಸಿನ ದುಡ್ಡು, ಖಾನಾವಳಿಯ ದುಡ್ಡು, ಒಂದು ದಿನದ ಕೂಲಿ ಸೇರಿದೆಯೆಂಬುದು ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ. ಗೊತ್ತಿದೆ. 2011ರಲ್ಲಿ ಸಕಾಲ ಕಾಯ್ದೆ ತಂದು, ‘ಇಂದು ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ’ ಎಂದು ಗೋಡೆಗೋಡೆಗೂ ಬರೆಸಿದ ರಾಜ್ಯವಿದು. 6 ವರ್ಷ ಸಾಲದಿದ್ದರೆ ಮರುನೋಂದಣಿ ಮಾಡಿಸಿ ಇನ್ನೂ 2 ವರ್ಷ ಪಡೆಯಲು ಅವಕಾಶವಿದೆ. ಅದಕ್ಕೂ ಒಂದು ಅರ್ಜಿ ಇರಲೇಬೇಕಲ್ಲ.

ಕಳೆದ ವಾರ ಕೊನೆಯ ಕಾಗದ ಉಳಿದಿತ್ತು. ‘ನನ್ನ ಸಂಶೋಧನೆ ಸಂಪೂರ್ಣ ಸ್ವಂತದ್ದಾಗಿದ್ದು, ಯಾರಿಂದಲೂ ನಕಲು ಮಾಡಿರುವುದಿಲ್ಲ’ ಎಂಬ ಮುಚ್ಚಳಿಕೆ. ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ಶೇ 10 ದಾಟಿದರೆ ಕ್ರಮ ಎಂಬ ಯುಜಿಸಿಯ 2018ರ ನಿಯಮವನ್ನು ಓದಿ ಹೆದರಿದ್ದ ನಾನು ಅದನ್ನಾದರೂ ನನ್ನದೇ ಮಾತಿನಲ್ಲಿ ಬರೆದುಕೊಂಡು ಹೋದೆ. ಕಚೇರಿಯವರು ಒಂದು ಸಾಲು ನೋಡಿ, ನಮೂನೆ ಇದಲ್ಲ, ಎಲ್ಲರೂ ಕೊಟ್ಟಂತೆಯೇ ಕೊಡಬೇಕೆಂದು ಹಿಂದಿರುಗಿಸಿದರು. ಝೆರಾಕ್ಸ್ ಅಂಗಡಿಯವರ ಕಂಪ್ಯೂಟರಿನಲ್ಲಿ ಆ ನಮೂನೆ ತಯಾರಿತ್ತು. ಹಳೆಯ ಹೆಸರು ಅಳಿಸಿ, ನನ್ನ ಹೆಸರು ಹಾಕಿ, ಮೂರಲ್ಲ, ಐದು ಪ್ರತಿ ತೆಗೆದುಕೊಟ್ಟರು. ಮೊದಲ ಬಾರಿಗೆ ಅಂದೇ ಸಿಕ್ಕಾ ಬಿತ್ತು.

ಖೋಲಿಗೆ ಬಂದು ನಿಧಾನವಾಗಿ ಓದಿದಾಗ ನೋಡುತ್ತೇನೆ, ಮೇಲಿನ ಸಾಲಿನಲ್ಲಿ ನನ್ನ ಹೆಸರಿದೆ. ಕೆಳಗೆ ‘ನಕಲು ಮಾಡಿರುವುದಿಲ್ಲ’ ಎಂದು ಪ್ರಮಾಣ ಮಾಡಿರುವವಳು ಮಾತ್ರ ಹೋದ ವರ್ಷ ಸಸ್ಯಶಾಸ್ತ್ರಕ್ಕೆ ಸೇರಿದ ಯಾರೋ ಹುಡುಗಿ. ಮರುದಿನ ಗಾಬರಿಯಿಂದ ಓಡಿ ಹೋಗಿ ತೋರಿಸಿದಾಗ ಝೆರಾಕ್ಸ್ ಅಂಗಡಿಯವರು ಕಾಗದವನ್ನು ಬೆಳಕಿಗೆ ಹಿಡಿದು, ಸಿಕ್ಕಾ ನೋಡಿ, ಮಡಚಿ ನನ್ನ ಕೈಗೇ ಕೊಟ್ಟರು.

‘ಸುಮ್ನ ಇಟ್ಕೋರಿ ಸರ. ತಿದ್ದಾಕ ಹೋದ್ರ ತಿದ್ದಿದ್ದಕ್ಕೂ ಮೂರು ಪ್ರತಿ ಕೇಳ್ತಾರ.’