ಗೋಡೆಗೊಬ್ಬ ದೇವರು

ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಗಂಡಸರ ಮೂತ್ರದ ಬೇಸಿನ್ನಿನೊಳಗೆ ಒಂದು ನೊಣದ ಚಿತ್ರವಿದೆ. ಕಂಡದ್ದಕ್ಕೆ ಗುರಿಯಿಡುವುದು ಗಂಡುಜಾತಿಯ ಹುಟ್ಟುಗುಣ. ನೆಲ ಒದ್ದೆಯಾಗುವುದು ಕಡಿಮೆಯಾಯಿತಂತೆ. ಬೈಯದೆ, ದಂಡ ಹಾಕದೆ ಹೀಗೆ ಮೆಲ್ಲಗೆ ದಾರಿಗೆ ತರುವುದಕ್ಕೆ ‘ನಡ್ಜ್’ ಎಂದು ಹೆಸರು. ಈ ಶಾಸ್ತ್ರ ಬೆಳೆಸಿದ ರಿಚರ್ಡ್ ಥೇಲರ್‌ಗೆ 2017ರಲ್ಲಿ ನೊಬೆಲ್ ಬಂತು. 2018–19ರ ನಮ್ಮ ಆರ್ಥಿಕ ಸಮೀಕ್ಷೆ ಇದಕ್ಕೊಂದು ಅಧ್ಯಾಯವನ್ನೇ ಕೊಟ್ಟಿತು. ಕಾಂಪೌಂಡಿಗೆ ದೇವರ ಟೈಲ್ಸ್ ಅಂಟಿಸುವ ನಮ್ಮ ಗಾರೆಯವರಿಗೆ ಮಾತ್ರ ಯಾರೂ ಒಂದು ಶಾಲು ಹೊದಿಸಲಿಲ್ಲ.

ಅದೇನು ಸುಲಭದ ವಿದ್ಯೆಯಲ್ಲ. ಟೈಲ್ಸ್ ಕಣ್ಣಿನ ಎತ್ತರಕ್ಕೆ ಬೇಡ. ಆ ಕೆಲಸದಲ್ಲಿರುವವನು ತಲೆ ತಗ್ಗಿಸಿರುತ್ತಾನೆ. ನೆಲದಿಂದ ಎರಡೂವರೆ ಅಡಿ ಸಾಕು. ಒಬ್ಬನೇ ದೇವರಾದರೆ ‘ಇವನು ನಮ್ಮವನಲ್ಲ’ ಎನ್ನುವವನಿಗೆ ರಿಯಾಯಿತಿ ಸಿಕ್ಕಂತೆ. ಹಾಗಾಗಿ ಗಣಪತಿ, ಶಿಲುಬೆ, ಮೆಕ್ಕಾ ಸಾಲಾಗಿ ಬರಬೇಕು. ಶಾಂತಿ ಸಭೆಗಳಲ್ಲಿ ಕೂಡಿಬಾರದ ಸರ್ವಧರ್ಮ ಸಮನ್ವಯ ಮೋರಿ ಪಕ್ಕ ಕೂಡಿಬಂದಿದೆ. ನಡುವೆ ಮೂರಡಿ ಜಾಗ ಬಿಟ್ಟಿರೋ, ಆ ಮೂರಡಿಯೇ ಬಡಾವಣೆಯ ಶೌಚಾಲಯ. ಇನ್ನು, ವರ್ಷಗಟ್ಟಲೆ ನೆನೆದ ಗೋಡೆಯ ಗಾರೆ ಉಪ್ಪು ಕಟ್ಟಿ ಪುಡಿಯಾಗಿರುತ್ತದೆ. ಅದನ್ನು ಕೆತ್ತಿ ತೆಗೆಯದೆ ಮೇಲೇ ಸಿಮೆಂಟು ಮೆತ್ತಿದರೆ ಒಂದೇ ಮಳೆಗಾಲಕ್ಕೆ ದೇವರು ಉದುರುತ್ತಾನೆ. ಉದುರಿದವನನ್ನು ಕಸದ ಗಾಡಿಗೆ ಹಾಕಲು ಯಾರಿಗೂ ಧೈರ್ಯವಿಲ್ಲ. ಅರಳಿಕಟ್ಟೆಯ ಮೇಲೆ, ಗಾಜೊಡೆದ ಹಳೇ ಪಟಗಳ ಜೊತೆ ಅವನ ನಿವೃತ್ತಿ ಜೀವನ.

ಮನುಷ್ಯ ಸೋಮಾರಿ, ಸುಲಭದ ದಾರಿ ಹಿಡಿಯುತ್ತಾನೆ ಎಂಬುದೇ ಈ ಶಾಸ್ತ್ರದ ಬಂಡವಾಳ. ಸರ್ಕಾರಕ್ಕೆ ಅದು ಗೊತ್ತಿಲ್ಲ ಎನ್ನಬೇಡಿ. ಫಸಲ್ ಬಿಮಾ ಬೇಡವೆನ್ನುವ ಸಾಲಗಾರ ರೈತ ಕೊನೆಯ ದಿನಾಂಕಕ್ಕೆ ಏಳು ದಿನ ಮೊದಲೇ ಬ್ಯಾಂಕಿಗೆ ಬರೆದುಕೊಡಬೇಕು. ಸುಮ್ಮನಿದ್ದರೆ ಮುಂಗಾರು ಧಾನ್ಯಕ್ಕೆ ವಿಮಾ ಮೊತ್ತದ ಶೇ 2ರಷ್ಟು ಕಂತು ಖಾತೆಯಿಂದ ತಾನಾಗಿ ಕಡಿತ. ಮೌನಂ ಸಮ್ಮತಿ ಲಕ್ಷಣಂ! ದುಡ್ಡು ಕಟ್ಟುವುದನ್ನು ಇಷ್ಟು ಸಲೀಸು ಮಾಡಿದವರಿಗೆ ಉಚ್ಚೆ ಹೊಯ್ಯುವುದನ್ನು ಸಲೀಸು ಮಾಡಲು ಯಾಕೋ ಆಗಿಲ್ಲ. ಸ್ಕಿಪೋಲ್‌ನ ನೊಣ ‘ಇಲ್ಲಿ’ ಎನ್ನುತ್ತದೆ. ನಮ್ಮ ದೇವರು ‘ಇಲ್ಲಲ್ಲ’ ಎನ್ನುತ್ತಾನೆ. ಮತ್ತೆಲ್ಲಿ ಸ್ವಾಮಿ ಎಂದರೆ ಟೈಲ್ಸ್ ಮಾತಾಡುವುದಿಲ್ಲ.

ಶೌಚಾಲಯ ಇಲ್ಲವೆಂದಲ್ಲ, ಇದೆ. ಮುಂದಿನ ಸರ್ಕಲ್ ದಾಟಿ ಎಡಕ್ಕೆ. ಐದು ರೂಪಾಯಿ ಚಿಲ್ಲರೆ ಬೇಕು. ಸಂಜೆಯಾದರೆ ಬೀಗ. ಬೀಗ ಬಿದ್ದ ಮೇಲೆ ಬಂದವರು ಏನು ಮಾಡುತ್ತಾರೆಂದು ಅದರ ಗುತ್ತಿಗೆದಾರನಿಗೂ ಅನುಭವವಾಗಿದೆ. ಶೌಚಾಲಯದ ಹೊರಗೋಡೆಗೆ, ನೆಲದಿಂದ ಎರಡೂವರೆ ಅಡಿಗೆ, ಮೊನ್ನೆ ಹೊಸ ಗಣಪತಿ ಬಂದಿದ್ದಾನೆ.