ಎನ್‌ಒಸಿ ಕೇಳಿದ್ದು ಸ್ವಾಮಿ, ನಿಮ್ಮ ಕಿಡ್ನಿ ಅಲ್ಲ

ಒಂದು ಲಾ ಕಾಲೇಜಿನಿಂದ ಇನ್ನೊಂದಕ್ಕೆ ಹೋಗೋಕೆ ಇಷ್ಟು ರಾದ್ಧಾಂತ ಯಾಕೆ? ಅಮ್ಮನಿಗೆ ಆಪರೇಷನ್ ಆಗಿದೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಬೆಂಗಳೂರು ಬಿಟ್ಟು ದಾವಣಗೆರೆಯಲ್ಲೇ ಎಲ್‌ಎಲ್‌ಬಿ ಮುಂದುವರಿಸುತ್ತೇನೆ ಅಂದೆ, ಅಷ್ಟೇ. ಎರಡೂ ಕಾಲೇಜು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕೆಳಗೇ ಬರುತ್ತವೆ. ಅದೇ ಸಿಲಬಸ್, ಅದೇ ಪ್ರಶ್ನೆಪತ್ರಿಕೆ. ನಾನೇನು ಎಂಟ್ರೆನ್ಸ್ ಬರೆಯದೆ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿಗೆ ನುಗ್ಗುತ್ತೇನೆ ಅಂದೆನಾ?

ಬೆಂಗಳೂರಿನ ಕಾಲೇಜಿನಲ್ಲಿ ಎನ್‌ಒಸಿ, ಅಂದರೆ ಬಿಟ್ಟು ಹೋಗೋಕೆ ನಮ್ಮ ಅಭ್ಯಂತರವಿಲ್ಲ ಅನ್ನೋ ಪತ್ರ, ಕೇಳಿದರೆ "ಮೊದಲು ಅಲ್ಲಿ ಸೀಟಿದೆ ಅಂತ ಲೆಟರ್ ತಗೊಂಡು ಬಾ" ಅನ್ನುತ್ತಾರೆ. ದಾವಣಗೆರೆಗೆ ಹೋದರೆ "ಕ್ಲಾಸಿನ ಒಂದು ಸೆಕ್ಷನ್‌ಗೆ 60 ಜನ ಅಂತ ಬಾರ್ ಕೌನ್ಸಿಲ್ ರೂಲಿದೆಯಮ್ಮ. ಸೀಟೇನೋ ಖಾಲಿ ಇದೆ, ಆದರೆ ನಿಮ್ಮ ಕಾಲೇಜಿನ ಎನ್‌ಒಸಿ ನೋಡದೆ ಬರೆದು ಕೊಡಲ್ಲ" ಅನ್ನುತ್ತಾರೆ. ಇಬ್ಬರೂ ಒಂದು ಫೋನ್ ಮಾಡಿ ಮಾತಾಡಿಕೊಂಡರೆ ಐದು ನಿಮಿಷದ ಕೆಲಸ. ಮಾಡಲ್ಲ. ರಾತ್ರಿ ಬಸ್ಸಲ್ಲಿ ಓಡಾಡೋಕೆ ನಾನಿದ್ದೀನಲ್ಲ.

ಇದನ್ನಾದರೂ ಸಹಿಸಬಹುದು. ಮೈ ಉರಿಯುವುದು ಮಾರ್ಕ್ಸ್ ಕಾರ್ಡಿನ ವಿಷಯಕ್ಕೆ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಎಲ್ಲಾ ಒರಿಜಿನಲ್ ಅಡ್ಮಿಷನ್ ದಿನವೇ ಇಸ್ಕೊಂಡಿದ್ದರು. ಮೊನ್ನೆ ಕೇಸ್ ವರ್ಕರ್ ನನ್ನೆದುರೇ ಸ್ಟೀಲ್ ಬೀರು ತೆಗೆದರು. ನನ್ನ ಕವರ್ ಕಣ್ಣಿಗೆ ಕಾಣಿಸುತ್ತಿದೆ, ಮೇಲೆ ಕೆಂಪು ಸ್ಕೆಚ್ ಪೆನ್ನಲ್ಲಿ ನನ್ನ ಹೆಸರು, ಪಕ್ಕದಲ್ಲಿ ಇನಿಷಿಯಲ್ ಬೇರೆ ತಪ್ಪು. ಕೈ ಹಾಕಿ ಹೊರಗೆಳೆದರು, ನೋಡಿದರು, ಮತ್ತೆ ಒಳಗೇ ತುರುಕಿದರು. "ಉಳಿದ ವರ್ಷಗಳ ಫೀಸು ಪೂರ್ತಿ ಕಟ್ಟಿ, ಆಮೇಲೆ ನೋಡೋಣ."

ಒರಿಜಿನಲ್ ಇಟ್ಟುಕೊಳ್ಳುವಂತಿಲ್ಲ, ಪರಿಶೀಲಿಸಿ ವಾಪಸ್ ಕೊಡಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದರ ಪ್ರಿಂಟ್ ತೋರಿಸಿದೆ. "ಅದೆಲ್ಲ ಡೆಲ್ಲಿದು" ಅಂದರು. ಲಾ ಕಾಲೇಜಿನ ಆಫೀಸು ಕಣ್ರೀ ಇದು! ಮೇಲಿನ ಮಹಡಿಯಲ್ಲಿ ಕಾಂಟ್ರ್ಯಾಕ್ಟ್ ಆಕ್ಟಿನ ಸೆಕ್ಷನ್ 16, ಅನುಚಿತ ಪ್ರಭಾವ, ಅಂದರೆ ಮೇಲುಗೈ ಇರುವವರು ಅದನ್ನೇ ಬಳಸಿ ಒಪ್ಪಿಸಿಕೊಳ್ಳೋದು, ಅಂತ ಪಾಠ ಮಾಡುತ್ತಾರೆ. ಕೆಳಗೆ ಕೌಂಟರ್‌ನಲ್ಲಿ ಪ್ರಾಕ್ಟಿಕಲ್ ಕ್ಲಾಸು.

ಏನೂ ಬಾಕಿ ಇಲ್ಲ ಅಂತ ಎಲ್ಲಾ ವಿಭಾಗದವರಿಂದ ಬರೆಸಿಕೊಳ್ಳೋ ನೋ ಡ್ಯೂ ಫಾರಂ ಬೇರೆ. ಸ್ಪೋರ್ಟ್ಸ್ ವಿಭಾಗದ ಸಹಿಯೂ ಬೇಕಂತೆ. ನಾನು ಆ ಕಾಲೇಜಿನಲ್ಲಿ ಒಂದು ಕೇರಂ ಕಾಯಿನ್ ಮುಟ್ಟಿದವಳಲ್ಲ. ಸಹಿ ಮಾಡಬೇಕಾದ ಸರ್ ರಜೆಯಲ್ಲಿ.

ಇಷ್ಟರಲ್ಲಿ ಮೂರನೇ ಸೆಮಿಸ್ಟರ್ ಶುರುವಾಗಿಬಿಟ್ಟಿದೆ. ಅಲ್ಲಿ ನನ್ನ ಹೆಸರು ಹಾಜರಿ ಪುಸ್ತಕದಲ್ಲಿಲ್ಲ, ಇಲ್ಲಿ ದಿನಾ ಗೈರುಹಾಜರಿ. ಶೇ. 70 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ. ತಡ ಮಾಡುವುದು ಇವರು, ಒಂದು ವರ್ಷ ಕಳೆದುಕೊಳ್ಳುವುದು ನಾನು. ಇದರ ಮಧ್ಯೆ ನಮ್ಮ ಚಿಕ್ಕಪ್ಪ, "ನೀನೇ ಲಾಯರ್ ಆಗೋಳು, ಕೇಸ್ ಹಾಕು" ಅಂತ ನಗುತ್ತಾರೆ. ಹೈಕೋರ್ಟಿನಲ್ಲಿ ರಿಟ್ ಹಾಕೋಕೆ ಎಷ್ಟು ಖರ್ಚಾಗುತ್ತೆ ಅಂತ ಕೇಳಿದ ಮೇಲೆ ಅವರೂ ಸುಮ್ನಾದರು.

ಬಾಯಿಮಾತು ಸಾಕಾಯಿತು. ಸೋಮವಾರ ಅರ್ಜಿ ಬರೆದುಕೊಂಡು ಹೋಗುತ್ತೇನೆ. ಅರ್ಜಿ ತಗೊಂಡಿದ್ದೀವಿ ಅಂತ ಇನ್‌ವರ್ಡ್ ಸೀಲು ಹಾಕಿದ ಕಾಪಿ ಕೈಗೆ ಬರೋವರೆಗೂ ಕೌಂಟರ್ ಬಿಟ್ಟು ಏಳಲ್ಲ. ಕೊಡಲ್ಲ ಅಂದರೆ ರಿಜಿಸ್ಟರ್ ಪೋಸ್ಟು, ಯುಜಿಸಿಗೂ ಒಂದು ಪ್ರತಿ. ಇಂಥ ಕಾಲೇಜಿನಿಂದ ಒರಿಜಿನಲ್ ವಾಪಸ್ ಪಡೆದವರು ಯಾರಾದರೂ ಇದ್ದೀರಾ? ಹೇಗೆ ಬಿಡಿಸಿಕೊಂಡಿರಿ, ದಯವಿಟ್ಟು ಹೇಳಿ.