ಭಾವನ ಕೈಗುಣ ಮತ್ತು ಏರದ ಗಾಜು

ಕಾರಿನ ಪವರ್ ವಿಂಡೋ ಮೇಲಿದ್ದಾಗ ಕೆಡುವುದಿಲ್ಲ. ಪೂರ್ತಿ ಕೆಳಗಿಳಿದ ಮೇಲೇ ಕೆಡುತ್ತದೆ. ಅದೂ ಮೋಡ ಕಟ್ಟಿದ ದಿನ. ನಮ್ಮ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನ ಗಾಜು ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತು. ಬಾಗಿಲು ಬಿಚ್ಚಿದಾಗ ಕೈಗೆ ಮೆತ್ತಿದ ಕಪ್ಪು ಅಂಟು ಇನ್ನೂ ಹೋಗಿಲ್ಲ, ಸಿಟ್ಟಂತೂ ಸ್ವಲ್ಪವೂ ಹೋಗಿಲ್ಲ. ಅದಕ್ಕೇ ಈಗಲೇ ಬರೆದುಬಿಡುತ್ತೇನೆ.

ಗಾಜು ಏರುತ್ತಿಲ್ಲ ಅಂತ ಯಾರ ಹತ್ತಿರವಾದರೂ ಹೇಳಿ ನೋಡಿ. "ಎಲ್ಲಿ, ನಾನೊಂದ್ಸಲ ಒತ್ತಿ ನೋಡ್ತೀನಿ" ಅನ್ನುತ್ತಾರೆ. ನೀವು ಆಗಲೇ ಬೆರಳು ಬದಲಾಯಿಸಿ ಒತ್ತಿದ್ದೀರಿ, ಬೈದು ಒತ್ತಿದ್ದೀರಿ, ಬೇಡಿಕೊಂಡು ಒತ್ತಿದ್ದೀರಿ, ಇಂಜಿನ್ ಆಫ್ ಮಾಡಿ ಆನ್ ಮಾಡಿ ಒತ್ತಿದ್ದೀರಿ. ಅದ್ಯಾವುದೂ ಲೆಕ್ಕಕ್ಕಿಲ್ಲ. ಅವರು ಒತ್ತಬೇಕು, ಅಷ್ಟೇ. ಒತ್ತುತ್ತಾರೆ, ಗಾಜು ಅಲ್ಲಾಡುವುದಿಲ್ಲ, "ಹೌದಲ್ಲ, ಏರ್ತಾ ಇಲ್ಲ" ಅಂತ ನಮಗೇ ವರದಿ ಕೊಡುತ್ತಾರೆ.

ನಮ್ಮ ಭಾವನ ವಿಷಯದಲ್ಲಿ ತೊಂದರೆ ಬೇರೆ. ಅವರು ಒತ್ತಿದಾಗ ಗಾಜು ನಿಜವಾಗಿಯೂ ಏರಿತು.

ಭಾವ ಸುಮ್ನೆ ಬಂದು ಗುಂಡಿ ಒತ್ತುವವರಲ್ಲ. ಅದಕ್ಕೊಂದು ಕ್ರಮ ಇದೆ. ಮೊದಲು ಬಾಗಿಲನ್ನು ಪೂರ್ತಿ ತೆರೆಯುತ್ತಾರೆ. ಹೊರಗೇ ನಿಂತು ಷರ್ಟಿನ ತೋಳು ಮಡಚುತ್ತಾರೆ. ತೋರುಬೆರಳನ್ನು ಷರ್ಟಿನ ಅಂಚಿಗೆ ಒರೆಸಿಕೊಳ್ಳುತ್ತಾರೆ. ಆಮೇಲೆ ಸೊಂಟ ಬಗ್ಗಿಸಿ, ಕಣ್ಣು ಅರ್ಧ ಮುಚ್ಚಿ, ರೋಗಿಯ ನಾಡಿ ಹಿಡಿದ ವೈದ್ಯರ ಹಾಗೆ ಸ್ವಿಚ್ಚಿನ ಮೇಲೆ ಬೆರಳಿಡುತ್ತಾರೆ. ಸುಂಯ್ ಅಂತ ಗಾಜು ಮೇಲೆ. ಸುಂಯ್ ಅಂತ ಕೆಳಗೆ. ಮತ್ತೆ ಮೇಲೆ.

"ನೋಡಿದ್ಯಾ? ಕೈಗುಣ ಕಣಯ್ಯ ಇದು."

ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಕೈ ಮುಗಿದುಬಿಡುತ್ತಿದ್ದೆ. ಆದರೆ ಅಕ್ಕ ನೋಡಿಲ್ಲ ಅಂತ ಅವಳನ್ನು ಕರೆದು ಇನ್ನೊಂದು ಪ್ರದರ್ಶನ. ಆ ಕಡೆ ಹೋಗುವವರು ತಿರುಗಿ ನೋಡಿದರೆ ಅವರಿಗೂ ಒಂದು. ಹೀಗೆ ಏರಿಸಿ ಇಳಿಸಿ ಮೋಟಾರು ಬಿಸಿಯಾಗಿ ತಾನೇ ನಿಂತುಹೋಗುತ್ತದೆ. ಎಷ್ಟೋ ಮೋಟಾರುಗಳ ಒಳಗೆ ಇದಕ್ಕೆಂದೇ ಒಂದು ರಕ್ಷಣೆ ಇರುತ್ತದೆ, ಜಾಸ್ತಿ ಬಿಸಿಯಾದರೆ ಕರೆಂಟು ಕಟ್ ಆಗಿ ತಣ್ಣಗಾದ ಮೇಲೆ ಮತ್ತೆ ಬರುತ್ತದೆ. ಭಾವನ ಪ್ರಕಾರ ಅದು ದೃಷ್ಟಿ. "ಯಾರದೋ ಕಣ್ಣು ಬಿತ್ತು, ಸ್ವಲ್ಪ ಹೊತ್ತು ಬಿಡು." ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತಿತ್ತು ಅನ್ನುವುದೇ ನನ್ನ ದೌರ್ಭಾಗ್ಯ.

ಕೊನೆಗೆ ಗಾಜನ್ನು ಪೂರ್ತಿ ಇಳಿಸಿ, "ಇನ್ನು ಆರಾಮಾಗಿ ಗಾಳಿ ಬರ್ಲಿ" ಅಂತ ಕೂತು, ಬಾಗಿಲನ್ನು ಧಡ್ ಅಂತ ಹಾಕಿಕೊಳ್ಳುತ್ತಾರೆ. ಕಾರು ರಸ್ತೆಗೆ ಬೀಳುತ್ತದೆ. ಧೂಳು ಬಂತು ಅಂತ ನಾನು ನನ್ನ ಕಡೆಯ ಸ್ವಿಚ್ಚಿನಿಂದ ಆ ಗಾಜು ಏರಿಸಲು ನೋಡುತ್ತೇನೆ. ಊಹೂಂ.

"ಏನ್ ಮಾಡ್ದೆ?"

"ಒತ್ತಿದೆ ಭಾವ."

"ಅದಕ್ಕೇ! ಸರಿಯಾಗಿದ್ದಿದ್ದನ್ನ ನೀನ್ಯಾಕೆ ಮುಟ್ಟಕ್ಕೆ ಹೋದೆ?"

ಆಮೇಲೆ ಅವರೂ ಒತ್ತುತ್ತಾರೆ, ಏರುವುದಿಲ್ಲ. ಆ ತಪ್ಪೂ ನನ್ನದೇ, ಯಾಕೆಂದರೆ ಮಧ್ಯೆ ನನ್ನ ಕೈ ಬಿದ್ದಿದೆ. ಹಿಂದಿನ ಸೀಟಿನಿಂದ ಅಕ್ಕ, "ನೀನು ಚಿಕ್ಕೋನಿದ್ದಾಗ್ಲಿಂದ ಎಲ್ಲಾನೂ ಜೋರಾಗೇ ಒತ್ತೋದು" ಅನ್ನುತ್ತಾಳೆ. ಗಾಜಿನ ವಿಚಾರ ನನ್ನ ಬಾಲ್ಯಕ್ಕೆ ಹೇಗೆ ಹೋಯಿತೋ, ಕೇಳಲು ಧೈರ್ಯವಾಗಲಿಲ್ಲ.

ಮೆಕ್ಯಾನಿಕ್ ಹತ್ತಿರ ಹೋದೆ. ಅವನೂ ಬಾಗಿಲು ತೆರೆದ, ಬಗ್ಗಿದ, ಒತ್ತಿದ. ಏರಿತು. "ಸರಿಯಾಗೇ ಇದೆಯಲ್ಲ ಸಾರ್" ಅಂದ. ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, "ಸ್ವಿಚ್ ವೀಕ್ ಇರ್ಬಹುದು, ಹಾಕ್ಬಿಡೋಣ" ಅಂತ ಹೊಸದು ಹಾಕಿದ. ಒತ್ತಿ ತೋರಿಸಿದ, ಏರಿತು. ಮತ್ತೆ ಒತ್ತಿದ, ಇಳಿಯಿತು. ಬಾಗಿಲು ಹಾಕಿಕೊಂಡು ಗೇಟು ದಾಟುವಷ್ಟರಲ್ಲಿ ಯಥಾಪ್ರಕಾರ. ಹಳೇ ಸ್ವಿಚ್ಚನ್ನು ನನ್ನ ಕೈಗೇ ಕೊಟ್ಟಿದ್ದ. ಅದರಲ್ಲಿ ಏನೂ ಕೆಟ್ಟಿರಲಿಲ್ಲ ಅನ್ನುವುದಕ್ಕೆ ಸಾಕ್ಷಿಯಾಗಿ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಬಿದ್ದಿದೆ.

ನಿಜ ಹೇಳಬೇಕೆಂದರೆ ಪವರ್ ವಿಂಡೋ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಕೇಳುವವರು ಬಾಯಿ ಮುಚ್ಚಿಕೊಂಡಿರಬೇಕು ಅಷ್ಟೇ. ಒತ್ತಿದಾಗ ಒಳಗೆ ಮೋಟಾರು ತಿರುಗುವ ಸದ್ದು ಬಂದು ಗಾಜು ಅಲ್ಲಾಡದಿದ್ದರೆ, ಗಾಜನ್ನು ಎತ್ತುವ ರೆಗ್ಯುಲೇಟರಿನ ಕೇಬಲ್ಲೋ ಪ್ಲಾಸ್ಟಿಕ್ ಕ್ಲಿಪ್ಪೋ ಮುರಿದಿರುತ್ತದೆ. ಸದ್ದೇ ಇಲ್ಲ ಅಂದರೆ ಫ್ಯೂಸು, ಸ್ವಿಚ್ಚು, ವೈರು, ಮೋಟಾರು, ಇವುಗಳಲ್ಲೊಂದು. ಎಲ್ಲಾ ಗಾಜುಗಳೂ ಒಟ್ಟಿಗೆ ಸತ್ತಿದ್ದರೆ ಮೊದಲು ಫ್ಯೂಸ್ ನೋಡಬೇಕು. ಡ್ರೈವರ್ ಕಡೆಯ ಲಾಕ್ ಗುಂಡಿ ಒತ್ತಿಹೋಗಿದೆಯಾ ಅಂತಲೂ ನೋಡಬೇಕು. ಇಂಥ ಸಣ್ಣ ವಿಷಯಕ್ಕೆ ಬಾಗಿಲು ಬಿಚ್ಚಿಸಿದವರು ಇದ್ದಾರೆ.

ಭಾವ ಮಲಗಿದ ಮೇಲೆ ಕಾರಿನೊಳಗೆ ಕೂತೆ. ಬಾಗಿಲು ಹಾಕಿ, ಒಳಗಿನ ದೀಪ ಹಚ್ಚಿ ಒತ್ತಿದೆ. ಸದ್ದಿಲ್ಲ. ದೀಪವೂ ಒಂಚೂರು ಮಂಕಾಗಲಿಲ್ಲ. ಮೋಟಾರು ಕರೆಂಟು ಎಳೆದರೆ ದೀಪ ಸ್ವಲ್ಪ ಮಂಕಾಗುತ್ತದೆ, ಗಾಜು ಸಿಕ್ಕಿಹಾಕಿಕೊಂಡಿದ್ದರಂತೂ ಚೆನ್ನಾಗಿ ಕಾಣುತ್ತದೆ. ಇಲ್ಲಿ ಕರೆಂಟೇ ಹೋಗುತ್ತಿಲ್ಲ. ಬಾಗಿಲು ತೆರೆದು ಒತ್ತಿದೆ. ದೀಪ ಮಂಕಾಯಿತು, ಸುಂಯ್ ಅಂತ ಗಾಜು ಬಂತು. ಹಾಕಿದೆ, ಇಲ್ಲ. ತೆರೆದೆ, ಇದೆ. ಅಂದರೆ ಇಷ್ಟು ದಿನ ಭಾವ ತೋರಿಸುತ್ತಿದ್ದ ಕೈಗುಣವೆಲ್ಲ ಬಾಗಿಲಿನ ಕೀಲಿನದ್ದು.

ಬಾಗಿಲಿಗೂ ಕಾರಿನ ಮೈಗೂ ನಡುವೆ ಕೀಲಿನ ಹತ್ತಿರ ಮಡಿಕೆ ಮಡಿಕೆಯ ರಬ್ಬರ್ ಕೊಳವೆ ಇರುತ್ತದೆ. ವೈರುಗಳೆಲ್ಲ ಅದರೊಳಗೆ. ಪ್ರತಿ ಸಲ ಬಾಗಿಲು ತೆರೆದು ಹಾಕುವಾಗಲೂ ಅವು ಒಂದೇ ಜಾಗದಲ್ಲಿ ಬಗ್ಗಿ ಬಗ್ಗಿ ವರ್ಷಗಳ ಮೇಲೆ ಒಳಗೇ ತುಂಡಾಗುತ್ತವೆ. ನಮ್ಮದರಲ್ಲಿ ಬಾಗಿಲು ತೆರೆದಾಗ ತುಂಡಾದ ತುದಿಗಳು ತಾಗುತ್ತಿದ್ದವು, ಹಾಕಿದಾಗ ಬಿಟ್ಟುಕೊಳ್ಳುತ್ತಿದ್ದವು. ಕೊಳವೆ ಜಾರಿಸಿ ನೋಡಿದರೆ ಹೊರಗಿನ ಪ್ಲಾಸ್ಟಿಕ್ ಸಿಪ್ಪೆ ಬಿರುಕು ಬಿಟ್ಟ ಒಂದು ವೈರು, ಅದರೊಳಗೆ ಹಸಿರು ತಿರುಗಿದ ತಾಮ್ರದ ಎಳೆಗಳು. ಇಷ್ಟಕ್ಕೆ ಇಷ್ಟೆಲ್ಲ!

ಬೆಸುಗೆ ಹಾಕಲು ವೈರು ಸಡಿಲ ಬಿಡಬೇಕು, ಅದಕ್ಕೆ ಬಾಗಿಲಿನ ಒಳಹೊದಿಕೆ ತೆಗೆಯಬೇಕು. ಕಾಣುವ ಸ್ಕ್ರೂಗಳನ್ನೆಲ್ಲ ಬಿಚ್ಚಿದರೂ ಅದು ಬರುವುದಿಲ್ಲ, ಹಿಡಿಕೆಯ ಹಿಂದೆ ಪುಟ್ಟ ಮುಚ್ಚಳದ ಕೆಳಗೆ ಇನ್ನೊಂದು ಇರುತ್ತದೆ. ಅದಾದ ಮೇಲೆ ಸುತ್ತಲೂ ಕ್ಲಿಪ್ಪುಗಳು, ಎಳೆದಾಗ ಟಕ್ ಅಂತ ಬರುವ ಸದ್ದು ಬಿಟ್ಟುಕೊಂಡದ್ದಕ್ಕೋ ಮುರಿದದ್ದಕ್ಕೋ ಗೊತ್ತಾಗುವುದಿಲ್ಲ. ಒಳಗೆ ನೀರು ತಡೆಯುವ ಪ್ಲಾಸ್ಟಿಕ್ ಹಾಳೆ, ಅದನ್ನು ಹಿಡಿದಿಟ್ಟ ಕಪ್ಪು ಅಂಟು. ಆ ಅಂಟನ್ನು ಕಂಡುಹಿಡಿದವರು ಮನೆಗೆ ಹೋಗಿ ಏನು ತೊಳೆದುಕೊಂಡರೋ ನನಗೂ ಹೇಳಬಹುದಿತ್ತು.

ಗುಂಡಿ ಒತ್ತಿ ಗಾಜು ಏರಿಸುವ ಸೌಕರ್ಯ ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ 1940ರಲ್ಲೇ ಬಂದಿತ್ತಂತೆ. ನಮ್ಮ ಪಾಲಿಗೆ ಬಹಳ ಕಾಲ ಕೈಯಲ್ಲಿ ತಿರುಗಿಸುವ ಹಿಡಿಕೆಯೇ. ಹಿಂದಿನ ಸೀಟಿನಲ್ಲಿ ಕೂತ ನಮಗೆ ಅದನ್ನು ತಿರುಗಿಸುವುದೇ ಪ್ರಯಾಣ. ಮೊಣಕಾಲಿಗೆ ತಾಗುತ್ತಿತ್ತು, ತುದಿಯ ಗುಂಡು ಕಳಚಿ ಕೈಗೆ ಬರುತ್ತಿತ್ತು. ರಬ್ಬರ್ ಬಿಗಿಯಾದರೆ ರಟ್ಟೆಗೇ ತಿಳಿಯುತ್ತಿತ್ತು. ಮಳೆಹನಿ ಬಿದ್ದರೆ ಅಪ್ಪ ಮುಂದಿನಿಂದ "ಗಾಜು!" ಅಂತ ಒಂದೇ ಮಾತು ಅನ್ನುತ್ತಿದ್ದರು, ಅಕ್ಕ ಒಂದು ಕಡೆ ನಾನೊಂದು ಕಡೆ, ಯಾರದು ಮೊದಲು ಏರುತ್ತೆ ಅಂತ ಪೈಪೋಟಿ. ಆಗ ಜೋರಾಗಿ ತಿರುಗಿಸಬೇಡ ಅಂತ ಅವಳು ಒಂದು ದಿನವೂ ಹೇಳಲಿಲ್ಲ.

ವೈರು ಬೆಸೆದು ಮುಗಿಯಿತು. ಈಗ ಬಾಗಿಲು ಹಾಕಿದರೂ ಗಾಜು ಏರುತ್ತದೆ, ನನ್ನ ಕೈಗೂ ಏರುತ್ತದೆ. ಭಾವನಿಗೆ ರಬ್ಬರ್ ಕೊಳವೆ ತೋರಿಸಿ ಎಲ್ಲಾ ವಿವರಿಸಿದೆ. ತಾಳ್ಮೆಯಿಂದ ಕೇಳಿದರು. "ಅಂದ್ರೆ ಆ ಹಳೇ ಸ್ವಿಚ್ ಚೆನ್ನಾಗೇ ಇದೆ ಅಂತಾಯ್ತು, ನಂಗೆ ಕೊಡು. ನಮ್ಮ ಕಾರಲ್ಲಿ ಹಿಂದಿನ ಗಾಜು ತುಂಬಾ ನಿಧಾನ ಏರ್ತಾ ಇದೆ" ಅಂದರು.

"ನಿಧಾನ ಆದ್ರೆ ಅದು ಸ್ವಿಚ್ ಇರೋದು ಕಡಿಮೆ ಭಾವ. ಗಾಜು ಓಡಾಡೋ ರಬ್ಬರಲ್ಲಿ ಧೂಳು ಕೂತಿರುತ್ತೆ, ಒರೆಸಿ ಸಿಲಿಕಾನ್ ಸ್ಪ್ರೇ ಹೊಡೀರಿ."

"ಹೊಡಿಯೋಣ ಹೊಡಿಯೋಣ" ಅಂತ ಡಬ್ಬ ತೆರೆದು ಸ್ವಿಚ್ಚನ್ನು ಜೇಬಿಗೆ ಹಾಕಿಕೊಂಡರು. "ಮೊದ್ಲು ಇದನ್ನ ಹಾಕಿ ಒಂದ್ಸಲ ಒತ್ತಿ ನೋಡ್ತೀನಿ."